ಮೂರು ಫೇಜಿನ ಕಾಕಾ

ನಮ್ಮ ಕಾಕಾನ ಮುಂದೆ ನೀವು ಏನು ಬೇಕಾದರೂ ಮಾತಾಡಬಹುದು, 'ಕರೆಂಟ್ ಬಂತು' ಅಂತ ಮಾತ್ರ ಹೇಳಬಾರದು. ಹೇಳಿದಿರೋ, ಸಿಕ್ಕಿಬಿದ್ದಿರಿ. ಓಣಿಯ ಹುಡುಗರು ಕೇಕೆ ಹಾಕಿ, ಹೆಂಗಸರು ಮಿಕ್ಸರ್ ಕಡೆ ಓಡಿ, ಗಂಡಸರು ಮೊಬೈಲಿನ ಚಾರ್ಜರ್ ಹುಡುಕುವ ಆ ಸಂಭ್ರಮದ ಗಳಿಗೆಯಲ್ಲಿ ಕಾಕಾ ಕಟ್ಟೆಯ ಮೇಲೆ ಕೂತಲ್ಲಿಂದಲೇ ಶಾಂತವಾಗಿ ಕೇಳುತ್ತಾರೆ, "ಎಷ್ಟು ಬಂದಾವ?"

ಕರೆಂಟನ್ನು ಎಣಿಸುವುದು ಹೇಗೆ ಸ್ವಾಮಿ? ಅದೇನು ಹೊಲದಿಂದ ಮನೆಗೆ ಬಂದ ದನಗಳೇ? ಹೀಗೆ ನೀವು ಬೆಪ್ಪಾಗಿ ನಿಂತಿರೆಂದರೆ ಪಾಠ ಶುರು. ನಮ್ಮಂಥ ಸಾಮಾನ್ಯರ ಮನೆಗೆ ಬರುವುದು ಒಂದೇ ಫೇಜು, ಅಂದರೆ ಕರೆಂಟು ತರುವ ಒಂದೇ ತಂತಿ. ನಾಲ್ಕು ಬಲ್ಬು, ಎರಡು ಫ್ಯಾನು ಇರುವ ಸಂಸಾರಕ್ಕೆ ಅಷ್ಟು ಸಾಕು. ಆದರೆ ಬಟ್ಟೆ ಅಂಗಡಿ, ಆಸ್ಪತ್ರೆ, ಕಲ್ಯಾಣ ಮಂಟಪಗಳ ಮಾಳಿಗೆಯ ಮೇಲೆ ಬೀರುವಿನ ಗಾತ್ರದ ಏಸಿಗಳು ಕೂತಿರುತ್ತವಲ್ಲ, ಅವಕ್ಕೆ ಮೂರು ಫೇಜೂ ಬೇಕು. ಮೂರೂ ಸಮನಾಗಿ ಬೇಕು, ಸರದಿ ತಪ್ಪದೆ ಬೇಕು.

"ಮೂರು ಮಂದಿ ಕೂಡಿ ಗಾಣ ನೂಕಿದಂಗ ಅದು," ಎಂದು ಕಾಕಾ ವಿವರಿಸುತ್ತಾರೆ. "ಒಬ್ಬ ಕೈ ಬಿಟ್ಟರ ಉಳಿದವರು ಬೆವತು ಸಾಯ್ತಾರ. ಸರದಿ ಅದಲು ಬದಲು ಆದ್ರ ಗಾಣ ಉಲ್ಟಾ ತಿರಗ್ತದ."

ನಾನು ಅಕ್ಷರ ಕಲಿಯುವ ಮೊದಲೇ ಈ ಪಾಠ ಕಲಿತವಳು. ನಮ್ಮ ಮನೆಯ ಮಕ್ಕಳಿಗೆಲ್ಲ ಮೊದಲು ಗೊತ್ತಾದ ಬಣ್ಣಗಳು ಕೆಂಪು, ಹಳದಿ, ನೀಲಿ. ಏಕೆಂದರೆ ಮೂರು ಫೇಜಿನ ತಂತಿಗಳ ಬಣ್ಣ ಅವು. ಹಸಿರು ಅನ್ನುವುದೊಂದು ಬಣ್ಣ ಗಿಡಗಳಲ್ಲೂ ಇರುತ್ತದೆ, ಅದು ಬರೀ ಅರ್ಥಿಂಗ್ ವೈರಿನದಲ್ಲ ಎಂದು ನನಗೆ ತಿಳಿದದ್ದು ಶಾಲೆಗೆ ಹೋದ ಮೇಲೆ.

ಕಾಕಾ ಎಂದರೆ ನನ್ನ ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ಅವರ ರಿಪೇರಿ ಅಂಗಡಿ. ಆಳಂದದಲ್ಲಿ ಏಸಿ ರಿಪೇರಿಯೇ ಎಂದು ಹುಬ್ಬೇರಿಸುವವರು ದಯವಿಟ್ಟು ಮೇ ತಿಂಗಳಲ್ಲಿ ಒಮ್ಮೆ ನಮ್ಮ ಕಡೆ ಬಂದು ಹೋಗಿ. ಆಮೇಲೆ ಮಾತಾಡೋಣ. ಕಾಕಾನ ವೇಷ ಎಂದೂ ಬದಲಾಗದು. ತಲೆಗೆ ಸುತ್ತಿದ ಬಿಳಿ ಟವೆಲ್ಲು, ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರು, ಹೆಗಲಿಗೆ ಹಳೆಯ ಬಟ್ಟೆತುಂಡುಗಳ ಒಂದು ಕೌದಿಯ ಚೀಲ. ಆ ಚೀಲವನ್ನು ಹೊಲಿದು ಕೊಟ್ಟವಳು ನಮ್ಮ ಕಾಕು, ಅವರ ಹೆಂಡತಿ. ಅದರೊಳಗೆ ಕೂಸಿನ ಹಾಗೆ ಮಲಗಿರುವುದು ಕರೆಂಟು ಅಳೆಯುವ ಮೀಟರು. ಕಾಕಾ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ್ದುಂಟು. ಮೀಟರು ಎಂದೂ ನಿಂತಿಲ್ಲ. ಅದಕ್ಕೆ ಯಾರಾದರೂ ತೊಡೆ ಕೊಡಲೇಬೇಕು.

ಏಸಿ ಕೆಟ್ಟಿದೆ ಎಂದು ಕರೆದವರ ಮನೆ ಬಾಗಿಲಿಗೆ ಹೋಗಿ ಕಾಕಾ ನೇರ ಯಂತ್ರದ ಹತ್ತಿರ ಹೋಗುವುದಿಲ್ಲ. ಮೊದಲು ವಿಚಾರಣೆ. ನಿನ್ನೆ ಏನು ಆಯ್ತು, ಮೊನ್ನೆ ಏನು ಆಯ್ತು, ಪಕ್ಕದವರು ಹೊಸ ಮೋಟರು ಹಾಕಿಸಿದರೇ, ಕಂಬದ ಮೇಲೆ ಯಾರಾದರೂ ಹತ್ತಿದ್ದರೇ, ಗಾಳಿ ಯಾವ ದಿಕ್ಕಿನಿಂದ ಬೀಸಿತು! ಆಮೇಲೆ ಸ್ವಿಚ್ಚಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಮೂಸಿ ನೋಡುತ್ತಾರೆ. ಕೊನೆಗೆ ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಕೆಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಗ ಯಾರೂ ಕೆಮ್ಮಬಾರದು. ಒಮ್ಮೆ ಅಫಜಲಪುರದ ಮದುವೆಯೊಂದರಲ್ಲಿ ಮದುಮಗನ ಅಜ್ಜ ಹೀಗೆ ಕೆಮ್ಮಿ ಬೈಸಿಕೊಂಡಿದ್ದರು. ಕಾಕಾ ಆ ಮದುವೆಗೆ ಬಂದದ್ದು ರಿಪೇರಿಗಲ್ಲ, ಊಟಕ್ಕೆ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಮೇಲಿನ ಏಸಿಯ ಸಪ್ಪಳ ಅವರಿಗೆ ಸರಿ ಕಾಣಲಿಲ್ಲ. ಎಲೆ ಬಿಟ್ಟು ಎದ್ದರು. ಮೇಲೆ ಹೋಗಿ ನೋಡಿದರೆ ಮೂರರಲ್ಲಿ ಒಂದು ತಂತಿ ಸಡಿಲಾಗಿ ಕರ್ರಗೆ ಸುಟ್ಟಿತ್ತಂತೆ, ಇನ್ನಷ್ಟು ಬಿಟ್ಟಿದ್ದರೆ ಏಸಿಯ ಎದೆಯಂಥ ಕಂಪ್ರೆಸ್ಸರೇ ಹೋಗುತ್ತಿತ್ತಂತೆ. ಅವರು ಬಿಗಿ ಮಾಡಿ ಕೆಳಗಿಳಿದು ಬರುವಷ್ಟರಲ್ಲಿ ಪಂಕ್ತಿ ಎದ್ದುಹೋಗಿತ್ತು. "ಹೋಳಿಗಿ ಮತ್ತ ಸಿಗ್ತದ, ಕಂಪ್ರೆಸ್ಸರ್ ಸಿಗ್ತದೇನು?" ಎಂದರು ಕಾಕಾ. ಸಿಗುತ್ತದೆ, ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಆದರೆ ಅದನ್ನು ಅವರಿಗೆ ಹೇಳುವವರು ಯಾರು?

ನನ್ನ ಮದುವೆ ಆದದ್ದೂ ಮೂರು ಫೇಜಿನ ಕೃಪೆಯಿಂದಲೇ. ಮಾದನಹಿಪ್ಪರಗಾದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಚೂಡಾ, ಚಾ ಎಲ್ಲ ಮುಗಿದು ದೊಡ್ಡವರು ಮಳೆ ಬೆಳೆ ಮಾತಾಡುತ್ತಿದ್ದಾಗ ಕಾಕಾ ಹುಡುಗನ ಕಡೆ ತಿರುಗಿ, ನಿಮ್ಮ ಮನೆಗೆ ಎಷ್ಟು ಫೇಜ್ ಬರುತ್ತವೆ ಎಂದು ಕೇಳಿಬಿಟ್ಟರು. ಅಪ್ಪ ತಲೆ ತಗ್ಗಿಸಿದರು. ಅವ್ವ ಅಡುಗೆಮನೆಯ ಬಾಗಿಲ ಸಂದಿಯಿಂದ ಕಣ್ಣು ಕೆಕ್ಕರಿಸಿದಳು. ಹುಡುಗನ ಅಪ್ಪನಿಗೆ ಇದು ಹೊಲದ ಪಂಪ್‌ಸೆಟ್ಟಿನ ಪ್ರಶ್ನೆ ಅನಿಸಿರಬೇಕು. ಮೂರೂ ಬರುತ್ತವೆ, ಇಡೀ ದಿನ ಬರುತ್ತವೆ ಎಂದು ಎದೆಯುಬ್ಬಿಸಿ ಹೇಳಿದರು. ಹುಡುಗ ಮಾತ್ರ ಮೆಲ್ಲಗೆ, "ಕಾಗದದಾಗ ಮೂರು ಅದಾವ್ರಿ. ಖರೇ ಅಂದ್ರ ಒಂದು ಭಾಳ ದಿನ ಕಾಣಂಗಿಲ್ಲ," ಅಂದ. ಕಾಕಾ ಎದ್ದು ಒಳಗೆ ಬಂದು ಅಪ್ಪನಿಗೆ ಹೇಳಿದ್ದು ಒಂದೇ ಮಾತು: ಹುಡುಗಿ ನೋಡಲು ಬಂದ ದಿನವೇ ತನ್ನ ಮನೆಯ ಕೊರತೆ ಹೇಳುವ ಗಂಡು ಸಿಗುವುದಿಲ್ಲ, ಕೊಟ್ಟುಬಿಡು. ಕೊಟ್ಟರು. ಈ ಸಂಬಂಧದ ಬಗ್ಗೆ ಇವತ್ತಿನವರೆಗೆ ನನಗೆ ತಕರಾರಿಲ್ಲ. ಫೇಜಿನ ಬಗ್ಗೆ ಇದೆ.

ಇಂಥವರನ್ನು ನೋಡಿ ನೀವು ನಗಬಹುದು. ನಾವೂ ನಕ್ಕಿದ್ದೇವೆ. ಆದರೆ ಆಳಂದದ ಆ ಸೀರೆ ಅಂಗಡಿಯ ಪ್ರಸಂಗ ಕೇಳಿದ ಮೇಲೆ ಅಷ್ಟು ಜೋರಾಗಿ ನಗಲಾರಿರಿ.

ಬೇಸಿಗೆಯ ದಿನಗಳು. ಮದುವೆಯ ಸೀರೆಗಳ ವ್ಯಾಪಾರ ಭರ್ತಿ ನಡೆದಿತ್ತು. ಅಂಗಡಿಯ ದೊಡ್ಡ ಏಸಿ ಮಾತ್ರ ಮಧ್ಯಾಹ್ನದ ಹೊತ್ತಿಗೆ ತಾನಾಗಿ ಬಂದ್ ಆಗುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿ ಶುರುವಾಗುತ್ತಿತ್ತು, ಮತ್ತೆ ಬಂದಾಗುತ್ತಿತ್ತು. ಹೊರಗಿನಿಂದ ಬಂದ ಮೆಕ್ಯಾನಿಕ್ಕರು ಗ್ಯಾಸು ತುಂಬಿದರು, ಬೋರ್ಡು ಬದಲಿಸಿದರು, ಜಾಲರಿ ತೊಳೆದರು. ಅಂಗಡಿಯ ಮಾಲೀಕರು ಯಂತ್ರಕ್ಕೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಏನೂ ಆಗಲಿಲ್ಲ. ಮಾಲೀಕರನ್ನು ಕಾಡಿದ ಇನ್ನೊಂದು ಸಂಗತಿ ಎಂದರೆ, ಏಸಿ ಬಂದಾಗುವುದಕ್ಕೆ ಮುಂಚೆ ಅಂಗಡಿಯಲ್ಲಿ ಯಾರಾದರೊಬ್ಬರು ಸೀನುತ್ತಿದ್ದರು. ಅಪಶಕುನವೆಂದು ಅವರು ಒಳಗೊಳಗೇ ನಡುಗಿದ್ದರು. ಇದನ್ನು ಯಾರ ಮುಂದೂ ಹೇಳಿರಲಿಲ್ಲ, ಕಾಕಾನ ವಿಚಾರಣೆಯಲ್ಲಿ ಬಾಯಿಬಿಟ್ಟರು.

ಕಾಕಾ ಮೀಟರನ್ನು ಚೀಲದಿಂದ ತೆಗೆಯಲೂ ಇಲ್ಲ. ಗಾದಿಯ ಮೇಲೆ ಗೋಡೆಗೊರಗಿ ಕೂತರು. ಚಾ ಕುಡಿದರು. ಸೀರೆ ಆರಿಸುತ್ತಿದ್ದ ಹೆಂಗಸರಿಗೆ ಕೇಳದಿದ್ದರೂ ಸಲಹೆ ಕೊಟ್ಟರು. ಹಳದಿ ಸೀರೆಗೆ ನೀಲಿ ಅಂಚು ಒಳ್ಳೆಯದು, ಕೆಂಪು ಬ್ಲೌಸು ಹಾಕಿದರೆ ಮೂರೂ ಬ್ಯಾಲೆನ್ಸ್ ಆಗುತ್ತವೆ ಎಂದರಂತೆ. ಮಧ್ಯಾಹ್ನವಾಯಿತು. ಸೀರೆಯ ರಾಶಿಯ ಆಚೆ ಒಬ್ಬ ಹೆಣ್ಣುಮಗಳು ಸೀನಿದಳು. ಇನ್ನೊಬ್ಬಳು ಸೀನಿದಳು. ಕಾಕಾ ಮೂಗೆತ್ತಿ ಗಾಳಿ ಮೂಸಿ, ಎದ್ದು, ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಅವರ ಬೆನ್ನ ಹಿಂದೆ ಏಸಿ ಬಂದ್ ಆಯಿತು.

ಅಂಗಡಿಯ ಹಿಂದಿನ ಸಂದಿಯಲ್ಲಿ ಖಾರ ಕುಟ್ಟುವ ಗಿರಣಿ! ಬೇಸಿಗೆಯಲ್ಲಿ ಊರ ಹೆಂಗಸರೆಲ್ಲ ವರ್ಷದ ಖಾರ ಮಾಡಿಸುವ ಕಾಲ. ಬೆಳಗಿನ ಬಿಸಿಲಿನಲ್ಲಿ ಒಣಗಿದ ಮೆಣಸಿನಕಾಯಿ ಮಧ್ಯಾಹ್ನದ ಹೊತ್ತಿಗೆ ಗಿರಣಿಗೆ ಬರುತ್ತಿತ್ತು. ಮೊದಲು ಸಣ್ಣ ಯಂತ್ರದಲ್ಲಿ ಅದನ್ನು ಮುರಿಯುವಾಗ ಘಾಟೆದ್ದು ಸೀನು. ಆಮೇಲೆ ಕುಟ್ಟುವ ದೊಡ್ಡ ಮೋಟರು ಶುರುಮಾಡಿದಾಗ ಅದು ಒಮ್ಮೆಲೇ ಇಡೀ ಸಾಲಿನ ಕರೆಂಟನ್ನು ಗಟಗಟ ಕುಡಿಯುತ್ತಿತ್ತು. ಸೀರೆ ಅಂಗಡಿಗೆ ಬರುವ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತಿತ್ತು. ಏಸಿಯಲ್ಲಿ ರಿಲೇ ಎಂಬ ಪುಟ್ಟ ಕಾವಲುಗಾರ ಡಬ್ಬಿ ಇರುತ್ತದೆ. ಮೂರು ಫೇಜಿನಲ್ಲಿ ಏನೇ ಎಡವಟ್ಟಾದರೂ ಯಂತ್ರ ಸುಡದ ಹಾಗೆ ಬಂದ್ ಮಾಡುವುದು ಅದರ ಕೆಲಸ. ಆ ಡಬ್ಬಿ ಹೆದರಿ ಬಂದ್ ಮಾಡುತ್ತಿತ್ತು. ಕಾಕಾ ಮರಳಿ ಬಂದು ಅದರ ಮೇಲಿನ ಸಣ್ಣ ತಿರುಪನ್ನು ಒಂದಿಷ್ಟು ತಿರುಗಿಸಿ, ಕುಸಿತ ಕಂಡರೆ ಕೂಡಲೇ ಬಂದ್ ಮಾಡದೆ ಕೆಲ ಕ್ಷಣ ಕಾಯುವ ಹಾಗೆ ಮಾಡಿದರು. ಗಿರಣಿಯವನಿಗೆ ಮೋಟರು ಮೆಲ್ಲಗೆ ಎಬ್ಬಿಸುವ ಬೇರೆ ಸ್ಟಾರ್ಟರು ಹಾಕಿಸಿದರು. ಏಸಿ ಆಮೇಲೆ ಬಂದಾಗಲಿಲ್ಲ. ಸೀನು ಮಾತ್ರ ನಿಲ್ಲಲಿಲ್ಲ. ಅದು ತಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಎಂದರು ಕಾಕಾ.

ಇಷ್ಟು ಹೇಳಿದ ಮೇಲೆ ರಶೀದ್ ಭಾಯಿಯ ಸುದ್ದಿ ಹೇಳದಿದ್ದರೆ ಅನ್ಯಾಯವಾಗುತ್ತದೆ.

ರಶೀದ್ ಭಾಯಿ ಅಫಜಲಪುರದವರು. ಕಾಕಾನ ಜೋಡಿ ಪಾಲುದಾರರಾಗಿದ್ದವರು. ಇಬ್ಬರೂ ಒಟ್ಟಿಗೇ ಕೆಲಸ ಕಲಿತು, ಒಂದೇ ಅಂಗಡಿ ಹಾಕಿ, ಒಂದೇ ಡಬ್ಬಿಯಲ್ಲಿ ರೊಟ್ಟಿ ಉಂಡವರು. ಇಬ್ಬರಿಗೂ ಇದ್ದದ್ದು ಒಂದೇ ಭಿನ್ನಾಭಿಪ್ರಾಯ, ಆದರೆ ಅದು ಮತಗಳೇ ಹುಟ್ಟುವಷ್ಟು ದೊಡ್ಡದು. ಯಂತ್ರ ಕೆಟ್ಟಿತು ಎಂದರೆ ತಪ್ಪು ಯಾವಾಗಲೂ ಹೊರಗಿನ ಲೈನಿನಿಂದ ಬಂದಿರುತ್ತದೆ ಎನ್ನುವುದು ಕಾಕಾನ ಸಿದ್ಧಾಂತ. ತಪ್ಪು ಯಾವಾಗಲೂ ಯಂತ್ರದ ಒಳಗೇ ಇರುತ್ತದೆ, ಸುಮ್ಮನೆ ಲೈನಿಗೆ ಬೈಯಬೇಡ ಎನ್ನುವುದು ರಶೀದ್ ಭಾಯಿಯದು. ಒಂದು ಕಲ್ಯಾಣ ಮಂಟಪದ ಕಂಪ್ರೆಸ್ಸರ್ ಸುಟ್ಟಾಗ ಈ ವಾದ ಕೈಮೀರಿತು. ಮಂಟಪದವರ ಎದುರಿಗೇ ಒಬ್ಬರು ಹೊರಗೆ ಕಂಬ ತೋರಿಸಿದರು, ಇನ್ನೊಬ್ಬರು ಯಂತ್ರದ ಒಳಗಿನ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚು ತೋರಿಸಿದರು. ಮಂಟಪದವರು ಇಬ್ಬರಿಗೂ ಗೇಟು ತೋರಿಸಿದರು.

ಅವತ್ತೇ ಪಾಲು ಮುರಿಯಿತು. ಸಾಮಾನು ಹಂಚಿಕೊಂಡರು. ಸೀಮೆಯನ್ನೂ ಹಂಚಿಕೊಂಡರು, ಆಳಂದ ಕಾಕಾನದು, ಅಫಜಲಪುರ ರಶೀದ್ ಭಾಯಿಯದು. ಜೇವರ್ಗಿ ಮಾತ್ರ ಇತ್ಯರ್ಥವಾಗದೆ ಉಳಿಯಿತು. ಅಲ್ಲಿ ಮೊದಲು ಯಾರಿಗೆ ಫೋನು ಬರುತ್ತದೋ ಅವರದು. ಎಷ್ಟೋ ವರ್ಷ ಇಬ್ಬರೂ ಮಾತಾಡಲಿಲ್ಲ. ಜೇವರ್ಗಿಯ ಯಾವುದೋ ಯಂತ್ರ ಬಿಚ್ಚಿದಾಗ ರಶೀದ್ ಭಾಯಿ ಹಾಕಿದ ಗಂಟು ಕಂಡರೆ ಕಾಕಾ ಅದನ್ನು ಬಿಚ್ಚಿ ತಮ್ಮ ರೀತಿಯಲ್ಲಿ ಮತ್ತೆ ಕಟ್ಟುತ್ತಿದ್ದರು. ಆ ಕಡೆಯವರೂ ಅದನ್ನೇ ಮಾಡುತ್ತಿದ್ದರೆಂದು ಕೇಳಿದ್ದೇನೆ.

ಹೆಂಗಸರು ಈ ಯುದ್ಧಕ್ಕೆ ಸೇರಲಿಲ್ಲ. ನಮ್ಮ ಕಾಕು ಅಮಾವಾಸ್ಯೆಗೆ ಭಾಗ್ಯವಂತಿ ತಾಯಿಯ ದರ್ಶನಕ್ಕೆಂದು ಘತ್ತರಗಿಗೆ ಹೋದಾಗಲೆಲ್ಲ ಅಫಜಲಪುರದಲ್ಲಿ ಇಳಿದು ರಶೀದ್ ಭಾಯಿಯ ಹೆಂಡತಿಯನ್ನು ಕಂಡೇ ಬರುತ್ತಿದ್ದಳು. ರೊಟ್ಟಿಗೆ ಹಚ್ಚುವ ಶೇಂಗಾ ಹಿಂಡಿಯ ಪುಡಿ ಈ ಕಡೆಯಿಂದ ಹೋಗುತ್ತಿತ್ತು, ಈದಿನ ಶಾವಿಗೆ ಪಾಯಸ ಶೀರ್‌ಖುರ್ಮಾ ಆ ಕಡೆಯಿಂದ ಬರುತ್ತಿತ್ತು. ಕಾಕಾ ಅದನ್ನು ಎರಡು ಬಟ್ಟಲು ಕುಡಿದು, ಇದು ಎಲ್ಲಿಂದ ಬಂತು ಎಂದು ಒಮ್ಮೆಯೂ ಕೇಳುತ್ತಿರಲಿಲ್ಲ. ಯಾವ ವಸ್ತುವಿನ ಮೂಲವನ್ನೂ ವಿಚಾರಿಸದೆ ಬಿಡದ ಮನುಷ್ಯ!

ಹೋದ ಬೇಸಿಗೆಯಲ್ಲಿ ಕಾಕುವಿಗೆ ಹೊಟ್ಟೆನೋವು ಹೆಚ್ಚಾಯಿತು. ಪಿತ್ತಕೋಶದಲ್ಲಿ ಕಲ್ಲು ಎಂದರು. ಕೋಶ ಊದಿಕೊಂಡಿದೆ, ತಡಮಾಡಿದರೆ ಒಳಗೆ ಒಡೆಯಬಹುದು, ಆಪರೇಷನ್ ಆಗಲೇಬೇಕು ಎಂದರು. ಕಲಬುರಗಿಗೆ ಹೋಗೋಣವೆಂದರೆ ಕಾಕು ಒಪ್ಪಲಿಲ್ಲ. ಅವಳ ತವರು ಇಜೇರಿ. ಅಲ್ಲಿಗೆ ಹತ್ತಿರದ ಜೇವರ್ಗಿಯಲ್ಲಿ ಅವಳಿಗೆ ನಂಬಿಕೆಯಿದ್ದ ಡಾಕ್ಟರಮ್ಮನ ಆಸ್ಪತ್ರೆ ಇತ್ತು. ತಂಗಿ ಮನೆಯಿಂದ ಗಂಜಿ ತರುತ್ತಾಳೆ, ಅಲ್ಲೇ ಆಗಲಿ ಎಂದು ಹಟ ಹಿಡಿದಳು. ಆ ಆಸ್ಪತ್ರೆಯ ಏಸಿ ನೋಡಿಕೊಳ್ಳುವವರು ಕಾಕಾನೇ ಆಗಿದ್ದರಿಂದ ಅವರಿಗೂ ಅಭ್ಯಂತರವಿರಲಿಲ್ಲ. ನಾನು ರಜೆ ಹಾಕಿ ಕಾಕುವಿನ ಜೊತೆಗೆ ಇರಲು ಹೋದೆ.

ಆಪರೇಷನ್ನಿನ ದಿನ ಬೆಳಿಗ್ಗೆ ಎದ್ದರೆ ಆಪರೇಷನ್ ಕೋಣೆಯ ಏಸಿ ಸತ್ತು ಬಿದ್ದಿತ್ತು.

ಹಿಂದಿನ ಸಂಜೆ ಗಾಳಿಗೆ ಗಿಡದ ಟೊಂಗೆ ಬಿದ್ದು ಆಸ್ಪತ್ರೆಯ ಮುಂದಿನ ತಂತಿ ಹರಿದಿತ್ತು. ಲೈನಿನವರು ಬಂದು ಜೋಡಿಸಿ ಹೋಗಿದ್ದರು. ಲೈಟು ಉರಿಯುತ್ತಿದ್ದವು, ಫ್ಯಾನು ತಿರುಗುತ್ತಿದ್ದವು, ಏಸಿ ಮಾತ್ರ ಏಳಲೊಲ್ಲದು. ಹೊರಗೆ ಬೆಳಿಗ್ಗೆಯೇ ಮೈ ಸುಡುವ ಬಿಸಿಲು. ಕಿಟಕಿಯಿಲ್ಲದ ಆ ಕೋಣೆಯೊಳಗೆ ಉಸಿರಾಡುವುದೇ ಕಷ್ಟ. ಡಾಕ್ಟರಮ್ಮ ಒಳಗೆ ಹೋಗಿ ನೋಡಿ ಬಂದು ಸಮಾಧಾನದಿಂದಲೇ ಹೇಳಿದರು: ಇಂಥ ಧಗೆಯಲ್ಲಿ ಹೊಟ್ಟೆ ತೆರೆಯುವುದು ಸರಿಯಲ್ಲ, ಬೆವರು ಬೀಳುತ್ತದೆ, ಸೋಂಕಿನ ಭಯ. ಆಸ್ಪತ್ರೆಯ ಜನರೇಟರಿಗೆ ಲೈಟು ಮತ್ತು ಉಪಕರಣಗಳನ್ನು ನಡೆಸುವಷ್ಟೇ ಶಕ್ತಿ, ಈ ಏಸಿಯನ್ನು ಎಬ್ಬಿಸುವಷ್ಟು ಇಲ್ಲ. ಅರಿವಳಿಕೆ ಕೊಡುವ ಡಾಕ್ಟರು ಕಲಬುರಗಿಯಿಂದ ಬಂದವರು, ಮಧ್ಯಾಹ್ನ ಹೊರಡಲೇಬೇಕು. ಅಷ್ಟರೊಳಗೆ ಏಸಿ ಸರಿಯಾದರೆ ಇಲ್ಲೇ ಮಾಡೋಣ, ಇಲ್ಲವಾದರೆ ಅಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸೋಣ.

ಕಾಕು ಹಾಸಿಗೆಯಲ್ಲಿ ನೋವಿಗೆ ಮೊಣಕಾಲು ಮಡಚಿ ಮಲಗಿದ್ದಳು. ಅಂಬುಲೆನ್ಸಿನ ಕುಲುಕಾಟ ನೆನೆದೇ ಅವಳ ಮುಖ ಬಿಳುಚಿತು. ಕಾಕಾ ಕೌದಿಯ ಚೀಲ ಹೆಗಲಿಗೇರಿಸಿ ಮಾಳಿಗೆ ಹತ್ತಿದರು.

ಇಲ್ಲಿ ನಾನು ಒಂದು ಗುಟ್ಟು ಹೇಳಬೇಕು. ಅವತ್ತು ಬೆಳಿಗ್ಗೆ ಮೊದಲ ಬಸ್ಸಿಗೇ ರಶೀದ್ ಭಾಯಿ ಮತ್ತು ಅವರ ಹೆಂಡತಿ ಕಾಕುವನ್ನು ನೋಡಲು ಬಂದಿದ್ದರು. ಕಾಕಾ ಔಷಧ ತರಲು ಹೋಗಿದ್ದ ಹೊತ್ತು. ಕಾಕು ಅವರಿಬ್ಬರನ್ನೂ ಮಾತಾಡಿಸಿ, ರಶೀದ್ ಭಾಯಿಗೆ, "ಅಣ್ಣಾ, ಇವರ ಕಣ್ಣಿಗೆ ಬೀಳಬ್ಯಾಡ್ರಿ. ಇವತ್ತು ಒಬ್ಬರು ಮಲಗಿದ್ದು ಸಾಕು," ಎಂದಿದ್ದಳು. ಪಾಪ, ಹೆಂಡತಿಯನ್ನು ಕಾಕುವಿನ ಹತ್ತಿರ ಬಿಟ್ಟು ರಶೀದ್ ಭಾಯಿ ಆಸ್ಪತ್ರೆಯ ಅಂಗಳದ ಬೇವಿನ ಗಿಡದ ಕೆಳಗೆ ಹೋಗಿ ಕೂತಿದ್ದರು. ಏಸಿ ಸತ್ತ ಸುದ್ದಿ ಅವರಿಗೂ ಮುಟ್ಟಿತ್ತು. ತಲೆ ಎತ್ತಿ ಮಾಳಿಗೆ ನೋಡುವುದು, ಬೀಡಿ ಹಚ್ಚುವುದು, ಆರಿಸುವುದು, ಇದೇ ನಡೆದಿತ್ತು.

ನಾನು ನೀರಿನ ಬಾಟಲಿ ತೆಗೆದುಕೊಂಡು ಮೇಲೆ ಹೋದೆ. ಕಾಕಾ ಮೊದಲ ದೋಷವನ್ನು ಆಗಲೇ ಹಿಡಿದಿದ್ದರು. ತಂತಿ ಮತ್ತೆ ಜೋಡಿಸುವಾಗ ಎರಡು ಫೇಜಿನ ಸರದಿ ಅದಲುಬದಲಾಗಿತ್ತು. ಲೈಟಿಗೆ, ಫ್ಯಾನಿಗೆ ಅದರಿಂದ ಏನೂ ಬಾಧಕವಿಲ್ಲ. ಮೂರು ಫೇಜಿನ ಯಂತ್ರಕ್ಕೆ ಮಾತ್ರ ಗಾಣ ಉಲ್ಟಾ ತಿರುಗಿದ ಹಾಗೆ. ರಿಲೇ ಅದನ್ನು ಗುರುತಿಸಿ ಯಂತ್ರವನ್ನು ತಡೆದಿತ್ತು. ಕಾಕಾ ಕರೆಂಟು ತೆಗೆದು, ಎರಡು ತಂತಿ ಬದಲಿಸಿ, ಮತ್ತೆ ಕೊಟ್ಟರು. ಯಂತ್ರ ಎದ್ದಿತು. ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ. ಕೆಲವೇ ನಿಮಿಷಕ್ಕೆ 'ಟಕ್' ಎಂದು ನಿಂತಿತು.

ಮತ್ತೆ ಕೊಟ್ಟರು. ಮತ್ತೆ ನಿಂತಿತು.

ಯಂತ್ರ ನಿಂತಾಗ ಅಳೆದರೆ ಮೂರು ಫೇಜೂ ಸರಿಯಾಗಿವೆ. ನಡೆಯುವಾಗ ಅಳೆಯಬೇಕು, ಭಾರ ಬಿದ್ದಾಗ ಮಾತ್ರ ಕೈ ಬಿಡುವ ಫೇಜು ಯಾವುದೆಂದು ಆಗಲೇ ತಿಳಿಯುವುದು. ಅದನ್ನು ನನಗೆ ಕಲಿಸಿದವರೂ ಅವರೇ. ಕಾಕಾ ಮೀಟರಿನ ತಂತಿಗಳ ತುದಿಯ ಎರಡು ಮುಳ್ಳುಗಳನ್ನು ಹಿಡಿದು ಬಾಗಿದರು. ಮುಳ್ಳು ಇಟ್ಟ ಜಾಗದಲ್ಲಿ ನಿಲ್ಲಲಿಲ್ಲ. ಆಗ ನೋಡಿದೆ. ಅವರ ಕೈ ನಡುಗುತ್ತಿತ್ತು.

ಕರೆಂಟಿರುವ ಪೆಟ್ಟಿಗೆಯಲ್ಲಿ ನಡುಗುವ ಕೈ ಹಾಕಬಾರದು. ಕಾಕಾ ಮೀಟರನ್ನು ಚೀಲದ ಮೇಲಿಟ್ಟು ಮಾಳಿಗೆಯ ಕಟ್ಟೆಗೊರಗಿ ಕೂತರು. ಕಾಕು ಬೆಳಿಗ್ಗೆ ಒಂದು ಮಾತು ಹೇಳಿದಳು ಎಂದರು. ಏನೆಂದು ನಾನು ಕೇಳಿದೆ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಖಾರದ ಡಬ್ಬಿ ಇದೆ, ಗೋಡೆ ಕಡೆಯದು ಈ ವರ್ಷದ್ದು, ಮುಂದಿನದು ಹಳೆಯದು, ಗೊತ್ತಿರಲಿ ಎಂದಳಂತೆ. "ನನಗ ಯಾಕ ಹೇಳಬೇಕು ಅದನ್ನ? ತಾನು ಇದ್ದಾಳಲ್ಲ ತೆಗದು ಕೊಡಾಕ," ಎಂದು ನನ್ನನ್ನೇ ಕೇಳಿದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೆವರು ಇರಬಹುದು.

ಆಮೇಲೆ ಮೊಬೈಲ್ ತೆಗೆದರು. ಆ ಹೆಸರಿನ ನಂಬರು ಅವರ ಫೋನಿನಲ್ಲಿರಲಿಲ್ಲ, ಅಳಿಸಿ ಎಷ್ಟೋ ವರ್ಷವಾಗಿತ್ತು. ಬೆರಳಿಗೆ ಬಾಯಿಪಾಠವಿತ್ತು. ಒಂದೊಂದೇ ಅಂಕಿ ಒತ್ತಿ ಕಿವಿಗಿಟ್ಟರು. ಕೆಳಗೆ ಬೇವಿನ ಗಿಡದ ಬುಡದಿಂದ ರಿಂಗು ಕೇಳಿಸಿತು.

"ರಶೀದ್, ಎಲ್ಲಿದ್ದೀ?"

"ಕೆಳಗ ಇದ್ದೇನಿ."

"ಎಲ್ಲಿ ಕೆಳಗ?"

"ನಿನ್ನ ಕೆಳಗೇ. ಬಗ್ಗಿ ನೋಡು."

ಕಾಕಾ ಬಗ್ಗಿ ನೋಡಿದರು. ಒಬ್ಬರು ಮೇಲಿಂದ, ಒಬ್ಬರು ಕೆಳಗಿನಿಂದ, ಇಬ್ಬರೂ ಫೋನು ಕಿವಿಗೆ ಹಚ್ಚಿಕೊಂಡೇ ಮುಖ ನೋಡುತ್ತ ನಿಂತರು. ಕಾಕಾ ಫೋನಿನಲ್ಲೇ ಹೇಳಿದರು, "ನನ್ನ ಕೈ ನಡಗಾಕತ್ತದಲೇ. ನೀ ಬಾ."

ಆ ವಯಸ್ಸಿನಲ್ಲಿ ರಶೀದ್ ಭಾಯಿ ಮೆಟ್ಟಿಲು ಹತ್ತಿದ ರಭಸ ನೋಡಬೇಕಿತ್ತು.

ಎಷ್ಟೋ ವರ್ಷದ ಮೇಲೆ ಸೇರಿದವರು ಅಪ್ಪಿಕೊಂಡರೇ, ಕಣ್ಣೀರು ಸುರಿಸಿದರೇ ಎಂದು ನೀವು ಕೇಳಬಹುದು. ಅದೇನೂ ಇಲ್ಲ, ಬಂದವರೇ ಜಗಳಕ್ಕೆ ಬಿದ್ದರು! ಆದರೆ ಈ ಸಲದ ಜಗಳ ತಲೆಕೆಳಗಾಗಿತ್ತು. ತಪ್ಪು ಯಂತ್ರದ ಒಳಗೇ ಇರಬೇಕು, ನೀನು ಅನ್ನುತ್ತಿದ್ದುದೇ ಖರೆ, ನಾನೇ ಸರಿಯಾಗಿ ನೋಡಿರಲಿಕ್ಕಿಲ್ಲ ಎಂದು ಕಾಕಾ. ಇಲ್ಲ, ನಿನ್ನೆ ತಂತಿ ಹರಿದದ್ದು ಹೊರಗೆ, ನೀನು ಹೇಳುವ ಹಾಗೆ ಲೈನಿನದೇ ತಪ್ಪು ಎಂದು ರಶೀದ್ ಭಾಯಿ. ಇಬ್ಬರೂ ಒಬ್ಬರ ಸಿದ್ಧಾಂತವನ್ನು ಇನ್ನೊಬ್ಬರು ಹೆಗಲ ಮೇಲೆ ಹೊತ್ತುಕೊಂಡು ಗುದ್ದಾಡುತ್ತಿದ್ದರೆ, ನಾನು ಮಧ್ಯಾಹ್ನಕ್ಕೆ ಹೊರಡುವ ಡಾಕ್ಟರನ್ನು ನೆನಪಿಸಬೇಕಾಯಿತು.

ರಶೀದ್ ಭಾಯಿ ಮೀಟರಿಗಾಗಿ ಕೈಚಾಚಿದರು. ಕಾಕಾ ಅರೆಗಳಿಗೆ ತಡೆದು ಚೀಲ ಸಮೇತ ಕೊಟ್ಟರು. ಆ ಮೀಟರು ಮತ್ತೊಬ್ಬರ ಕೈಗೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಕಾ ಯಂತ್ರ ಶುರುಮಾಡಿದರು. ರಶೀದ್ ಭಾಯಿ ಯಂತ್ರದಿಂದ ಹಿಂದಕ್ಕೆ, ತಂತಿಯ ಜಾಡು ಹಿಡಿದು ಒಂದೊಂದೇ ಜಾಗ ಅಳೆಯುತ್ತ ಬಂದರು. ಯಂತ್ರದ ಒಳಗೆ ಹಳದಿ ಫೇಜು ಇಳಿದಿತ್ತು. ಕೆಳಗೆ ಕಂಬದಿಂದ ಒಳಗೆ ಬರುವಲ್ಲಿ ಅದೇ ಫೇಜು ಸರಿಯಾಗಿತ್ತು. ಹಾಗಾದರೆ ನಡುವೆ ಎಲ್ಲೋ ಇದೆ. ನಡುವೆ ಇದ್ದದ್ದು ಮೆಟ್ಟಿಲ ಗೋಡೆಯ ಮೇಲಿನ ಕಬ್ಬಿಣದ ಮೇನ್ ಸ್ವಿಚ್ ಪೆಟ್ಟಿಗೆ.

ಅದರೊಳಗೆ ಹಳದಿ ಫೇಜಿನ ಫ್ಯೂಸು ಕೂರುವ ಹಿಡಿಕೆಯ ಮೇಲೊಂದು ಮುಳ್ಳು, ಕೆಳಗೊಂದು ಮುಳ್ಳು ಇಟ್ಟರು ರಶೀದ್ ಭಾಯಿ. ಒಂದೇ ತಂತಿಯ ಆ ಕಡೆ ಈ ಕಡೆ ಅದು. ಮೀಟರು ಹೆಚ್ಚು ಕಡಿಮೆ ಸೊನ್ನೆ ತೋರಿಸಬೇಕು. ತೋರಿಸಲಿಲ್ಲ. ಅಂಕಿ ಏರುತ್ತಲೇ ಹೋಯಿತು. ಹಿಡಿಕೆಯ ಬಿಗಿ ಸತ್ತುಹೋಗಿತ್ತು. ಹಿಂದಿನ ಸಂಜೆ ತಂತಿ ಹರಿದಾಗಿನ ಹೊಡೆತಕ್ಕೆ ಅದು ಇನ್ನಷ್ಟು ಸುಟ್ಟಿರಬೇಕು. ಬಾಗಿಲು ಮುಚ್ಚಿದ ಪೆಟ್ಟಿಗೆಯೊಳಗೆ, ಭಾರ ಬಿದ್ದಾಗ ಮಾತ್ರ ಕಾದು, ಕರೆಂಟನ್ನು ಅಲ್ಲೇ ತಿನ್ನುತ್ತಿತ್ತು.

ತಪ್ಪು ಹೊರಗಿನ ಲೈನಿನಲ್ಲೂ ಇರಲಿಲ್ಲ, ಯಂತ್ರದ ಒಳಗೂ ಇರಲಿಲ್ಲ. ಇಬ್ಬರೂ ಆ ಪೆಟ್ಟಿಗೆಯನ್ನು ನೋಡುತ್ತ ನಿಂತರು. ಬಹುಶಃ ಇಬ್ಬರಿಗೂ ಆ ಕಲ್ಯಾಣ ಮಂಟಪ ನೆನಪಾಗಿರಬೇಕು. ಅಲ್ಲಿನ ಮೆಟ್ಟಿಲ ಗೋಡೆಯ ಪೆಟ್ಟಿಗೆಯನ್ನು ಯಾರಾದರೂ ತೆರೆದು ನೋಡಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ರಶೀದ್ ಭಾಯಿ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಓಡಿ ಹೊಸ ಸ್ವಿಚ್ ಪೆಟ್ಟಿಗೆ ತಂದರು. ಒಬ್ಬರು ಬಿಚ್ಚಿದರು, ಒಬ್ಬರು ಕಟ್ಟಿದರು. ಕಾಕಾನ ಕೈ ನಡುಗಿದಾಗ ಸ್ಕ್ರೂ ತಾನಾಗಿಯೇ ಆ ಕೈಯಿಂದ ಈ ಕೈಗೆ ದಾಟುತ್ತಿತ್ತು.

ಯಂತ್ರ ಎದ್ದಿತು, ನಿಲ್ಲಲಿಲ್ಲ. ಕೋಣೆ ತಂಪಾಗುವವರೆಗೂ ಡಾಕ್ಟರಮ್ಮನೂ ಅರಿವಳಿಕೆಯ ಡಾಕ್ಟರೂ ಕಾದರು. ಆಮೇಲೆ ಕಾಕುವನ್ನು ಒಳಗೆ ಕರೆದೊಯ್ದರು.

ನಾವು ಹೆಂಗಸರು ಬಾಗಿಲ ಹೊರಗೆ ಕೂತೆವು. ಗಂಡಸರಿಬ್ಬರೂ ಮಾಳಿಗೆ ಬಿಟ್ಟು ಇಳಿಯಲಿಲ್ಲ. ಕೆಳಗೆ ಬನ್ನಿ, ಬಿಸಿಲು ಹತ್ತುತ್ತದೆ ಎಂದು ಹೇಳಿ ಕಳಿಸಿದರೆ, ಮತ್ತೇನಾದರೂ ಆದರೆ ಯಾರು ನೋಡಬೇಕು ಎಂದು ಉತ್ತರ ಬಂತು. ನಾನು ಚಾ ಒಯ್ದಾಗ ಕಾಕಾ ಸ್ಕ್ರೂಡ್ರೈವರಿನ ಹಿಡಿಕೆಗೆ ಕಿವಿಯಿಟ್ಟು ಕೂತಿದ್ದರು, ರಶೀದ್ ಭಾಯಿ ಅವರ ತಲೆಯ ಮೇಲೆ ತಮ್ಮ ಕರ್ಚೀಪು ಹಿಡಿದಿದ್ದರು. ಆ ಕರ್ಚೀಪಿನಿಂದ ಎಷ್ಟು ನೆರಳು ಬಿದ್ದೀತು? ನಾನು ಚಾ ಇಟ್ಟು ಸದ್ದಿಲ್ಲದೆ ಬಂದೆ.

ಆಪರೇಷನ್ ಸುಸೂತ್ರವಾಯಿತು. ಕಾಕುವನ್ನು ಪಕ್ಕದ ಕೋಣೆಗೆ ತಂದು ಮಲಗಿಸಿದರು. ಡಾಕ್ಟರಮ್ಮ ಬಂದು ಚೆನ್ನಾಗಿದ್ದಾರೆ, ನೋಡಬಹುದು ಎಂದರು. ಕಾಕಾ ಇಳಿದು ಬಂದರು. ಅಂಗಿ ಬೆವರಿಗೆ ಮೈಗಂಟಿತ್ತು, ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹಾಸಿಗೆಯ ಕಾಲ ಬುಡದಲ್ಲಿ ನಿಂತು, ಎಂದಿನಂತೆ ವಿಚಾರಣೆ ಶುರುಮಾಡಲು ಬಾಯಿ ತೆರೆದರು. ಅಷ್ಟರಲ್ಲಿ ಕಾಕುವಿಗೆ ಸ್ವಲ್ಪ ಎಚ್ಚರವಾಯಿತು. ಹಲ್ಲು ಕಟಕಟ ಕಡಿಯುತ್ತಿದ್ದವು.

"ಥಂಡಿ ಹತ್ತಾಕತ್ತದ್ರಿ," ಎಂದಳು. "ಕಾಲು ಭಾಳ ಥಂಡಿ ಆಗ್ಯಾವ."

ಅರಿವಳಿಕೆ ಇಳಿಯುವಾಗ ಹಾಗಾಗುತ್ತದೆ ಎಂದು ನರ್ಸು ಕಂಬಳಿ ತರಲು ಹೋದಳು. ಕಾಕಾ ಕಾಯಲಿಲ್ಲ. ಹಾಸಿಗೆಯ ಅಂಚಿಗೆ ಕೂತು, ಆ ಮಾಳಿಗೆಯ ಬಿಸಿಲನ್ನೆಲ್ಲ ಕುಡಿದು ಕಾದಿದ್ದ ತಮ್ಮ ಎರಡು ಅಂಗೈಗಳ ನಡುವೆ ಕಾಕುವಿನ ಪಾದಗಳನ್ನು ತೆಗೆದುಕೊಂಡರು. ಅವಳ ಹಲ್ಲಿನ ಸದ್ದು ಮೆಲ್ಲಗೆ ನಿಂತಿತು, ಕಣ್ಣು ಮುಚ್ಚಿದವು. ಕಂಬಳಿ ಬಂದ ಮೇಲೂ ಅವರು ಕೈ ತೆಗೆಯಲಿಲ್ಲ.